ಡೋಲೊಮೈಟ್ ಪುಡಿಗೆ ನಿಂಬೆಹುಳಿ ಹಿಂಡಿದರೂ ನೊರೆ ಬರಲಿಲ್ಲ, ಇದು ಅಸಲಿಯೇ?

ಮೂಡಿಗೆರೆ_ತೋಟ
ಎಲ್ಲರಿಗೂ ನಮಸ್ಕಾರ. ಕಾಫಿ ಗಿಡಗಳ ಬುಡಕ್ಕೆ ಹಾಕೋಣ ಅಂತ ಹೋದ ವಾರ ಡೋಲೊಮೈಟ್ ಪುಡಿ ತರಿಸಿದೆ. ಬಾಗಲಕೋಟೆ ಕಡೆಯ ಕಲ್ಲಿನ ಪುಡಿ ಅಂತ ಅಂಗಡಿಯವರು ಹೇಳಿದರು. ನಮ್ಮಪ್ಪ ಸುಣ್ಣದ ಕಲ್ಲಿನ ಪುಡಿ ತಂದಾಗಲೆಲ್ಲ ಒಂದು ಚಿಟಿಕೆ ತಟ್ಟೆಗೆ ಹಾಕಿ ನಿಂಬೆಹುಳಿ ಹಿಂಡೋರು. ಭುಸ್ ಅಂತ ನೊರೆ ಎದ್ದರೆ ಒಳ್ಳೆ ಮಾಲು. ನಾನೂ ಹಾಗೇ ಮಾಡಿದೆ. ಎರಡು ನಿಮಿಷ ಕಾದ ಮೇಲೆ ಅಲ್ಲೊಂದು ಇಲ್ಲೊಂದು ಗುಳ್ಳೆ, ಅಷ್ಟೇ. ಮೋಸ ಹೋದೆನಾ?

ಸುಮ್ನೆ_ಓದೋನು
ಬಿಳಿ ಮಣ್ಣು ಕಟ್ಟಿ ಕಳಿಸಿದ್ದಾರೆ ಬಿಡಿ ಸಾರ್ 😄

ಕಲ್ಲು_ಸುತ್ತಿಗೆ
ಅಂಗಡಿಯವರನ್ನು ಬಯ್ಯೋಕೆ ಮುಂಚೆ ಸ್ವಲ್ಪ ತಡೀರಿ. ನೊರೆ ಬರದೇ ಇದ್ದದ್ದೇ ಅದು ಡೋಲೊಮೈಟ್ ಅನ್ನೋದಕ್ಕೆ ಗುರುತು ಇರಬಹುದು.

ಸುಣ್ಣದ ಕಲ್ಲು ಅಂದರೆ ಹೆಚ್ಚಾಗಿ ಕ್ಯಾಲ್ಸೈಟ್, ಕ್ಯಾಲ್ಸಿಯಂ ಕಾರ್ಬೊನೇಟ್. ತೆಳು ಆಸಿಡ್ ಬಿದ್ದ ತಕ್ಷಣ ಉಕ್ಕುತ್ತೆ. ಡೋಲೊಮೈಟ್‌ನಲ್ಲಿ ಕ್ಯಾಲ್ಸಿಯಂ ಒಂದು ಪದರ, ಮೆಗ್ನೀಷಿಯಂ ಒಂದು ಪದರ, ನಡುನಡುವೆ ಕಾರ್ಬೊನೇಟ್, ಹೀಗೆ ಒಂದರ ಮೇಲೊಂದು ಅಚ್ಚುಕಟ್ಟಾಗಿ ಕೂತಿರುತ್ತೆ. ಆ ಜೋಡಣೆ ಬಿಗಿ. ಹಾಗಾಗಿ ತಣ್ಣನೆಯ ತೆಳು ಆಸಿಡ್‌ಗೆ ಗಟ್ಟಿ ಕಲ್ಲು ಹೆಚ್ಚೂಕಡಿಮೆ ಸುಮ್ಮನಿರುತ್ತೆ, ಕೆರೆದು ಪುಡಿ ಮಾಡಿದರೆ ನಿಧಾನಕ್ಕೆ ಗುಳ್ಳೆ ಬಿಡುತ್ತೆ. ಮೂವತ್ತು ವರ್ಷ ಜೇಬಲ್ಲಿ ಆಸಿಡ್ ಬಾಟ್ಲಿ ಇಟ್ಟುಕೊಂಡು ಗುಡ್ಡ ಸುತ್ತಿದವನು ನಾನು. ಪ್ಯಾಂಟಿನ ಜೇಬೆಲ್ಲ ತೂತು, ಮನೆಯಲ್ಲಿ ಬೈಗುಳ ಬೇರೆ.

ನಿಂಬೆಹುಳಿ ಅಂತೂ ಇನ್ನೂ ಸೌಮ್ಯ. ನಿಮ್ಮ ಪುಡಿಯಲ್ಲಿ ಗುಳ್ಳೆ ಬಂದಿದೆ, ತಡವಾಗಿ ಬಂದಿದೆ. ನನಗೇನೂ ಅನುಮಾನ ಇಲ್ಲ.

ಲೋಕಾಪುರದಾಂವ
ಸರ ನಮಸ್ಕಾರ್ರಿ. ಇದು ನಮ್ಮೂರ ಕಲ್ಲಿನ ವಿಷಯ, ಹಂಗಾಗಿ ಬಾಯಿ ಹಾಕಾಕತ್ತೀನಿ. ನಮ್ಮ ಕಡೆ ಸುಣ್ಣದ ಕಲ್ಲಿನ ಖಣಿನೂ ಅದಾವ, ಡೋಲೊಮೈಟ್ ಖಣಿನೂ ಅದಾವ, ಎರಡೂ ಅಕ್ಕಪಕ್ಕ. ನಮ್ಮಪ್ಪ ಖಣಿಯಾಗ ದುಡಿದಾಂವ. ಕಲ್ಲು ಮುಟ್ಟಿ ನೋಡಿ ಹೇಳತಿದ್ದ, "ಇದು ನಯ, ಇದು ಖರಖರ" ಅಂತ. ಬಿಸಿಲು ಮಳಿ ತಿಂದ ಡೋಲೊಮೈಟ್ ಬಂಡಿ ಮ್ಯಾಲೆ ಅಡ್ಡ ಉದ್ದ ಗೀರು ಬಿದ್ದಿರತಾವ, ಥೇಟ್ ಆನಿ ತೊಗಲು. ಅದನ್ನ ನೋಡಿನ ಗುರುತು ಹಿಡೀತಿದ್ರು.

ನಂದೊಂದು ಪ್ರಶ್ನಿ ಐತ್ರಿ. ಈ ಕಲ್ಲು ಸಮುದ್ರದಾಗ ಆಗಿದ್ದು ಅಂತಾರ. ನಮ್ಮೂರಿಗೆ ಸಮುದ್ರ ಯಾವಾಗ ಬಂದಿತ್ತು?

ಕಲ್ಲು_ಸುತ್ತಿಗೆ
ನಿಮ್ಮಪ್ಪನವರಿಗೆ ನನ್ನ ನಮಸ್ಕಾರ ಹೇಳಿ. ಆನೆ ತೊಗಲು ಅನ್ನೋದನ್ನ ನಮಗೆ ಪಾಠದಲ್ಲೂ ಹಾಗೇ ಹೇಳಿಕೊಟ್ಟಿದ್ದು.

ನಿಮ್ಮ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ. ಬಾಗಲಕೋಟೆ, ಲೋಕಾಪುರ, ಕಲಾದಗಿ, ರಾಮದುರ್ಗ, ಯರಗಟ್ಟಿ, ಈ ಇಡೀ ಪ್ರದೇಶ ಒಂದು ಹಳೇ ತಗ್ಗು. ಭೂವಿಜ್ಞಾನಿಗಳು ಕಲಾದಗಿ ಜಲಾನಯನ ಅಂತಾರೆ. ರಾಬರ್ಟ್ ಬ್ರೂಸ್ ಫೂಟ್ 1876ರಲ್ಲೇ ಇದರ ಬಗ್ಗೆ ದೊಡ್ಡ ವರದಿ ಬರೆದಿದ್ದ. ನೂರು ಕೋಟಿ ವರ್ಷಕ್ಕೂ ಹಿಂದಿನ ಮಾತು. ಆಗ ನೆಲದ ಮೇಲೆ ಗಿಡವಿಲ್ಲ, ನೀರಲ್ಲಿ ಮೀನಿಲ್ಲ, ಚಿಪ್ಪಿನ ಪ್ರಾಣಿ ಒಂದೂ ಇಲ್ಲ. ಇದ್ದದ್ದು ಬರೀ ಸೂಕ್ಷ್ಮಜೀವಿಗಳು.

ತಗ್ಗಿಗೆ ಮೊದಲು ಹೊಳೆ ತಂದ ಗುಂಡುಕಲ್ಲು, ಮರಳು ಬಿತ್ತು. ಸವದತ್ತಿ ಕಡೆಯ ಬಿಳಿ ಗಟ್ಟಿ ಕಲ್ಲು ಆ ಮರಳಿನದೇ. ಆಮೇಲೆ ಕಡಲು ಒಳಗೆ ಬಂತು. ಆಳದ ಕಡಲಲ್ಲ, ಮೊಣಕಾಲು ನೀರು, ಸೊಂಟದ ನೀರು, ಇಳಿತ ಬಂದರೆ ಕಿಲೋಮೀಟರ್‌ಗಟ್ಟಲೆ ನೆಲ ಬಯಲಾಗುವಂಥ ಚಪ್ಪಟೆ ಹಾಸು. ಹೊಳೆಯ ಮಣ್ಣು ಬರೋದು ಕಮ್ಮಿಯಾಗಿ ನೀರು ತಿಳಿಯಾದಾಗ ಅಲ್ಲಿ ಸುಣ್ಣದ ಕೆಸರು ಕೂತಿತು. ಆ ಕೆಸರಿನ ಒಂದಷ್ಟು ಭಾಗ ಸುಣ್ಣದ ಕಲ್ಲಾಗೇ ಉಳಿಯಿತು, ಒಂದಷ್ಟು ಡೋಲೊಮೈಟ್ ಆಯಿತು. ಚಿತ್ರಭಾನುಕೋಟ್ ಡೋಲೊಮೈಟ್ ಅಂತ ನಮ್ಮ ನಕ್ಷೆಗಳಲ್ಲಿ ಬರುವುದು ಅದರದೊಂದು ಪದರ.

ಅಷ್ಟು ಕಡಿಮೆ ನೀರು ಅಂತ ಹೇಗೆ ಗೊತ್ತಾಯಿತು ಅಂದರೆ, ಕಲ್ಲೇ ಹೇಳುತ್ತೆ. ಈ ಕಲ್ಲುಗಳಲ್ಲಿ ಸ್ಟ್ರೊಮಾಟೊಲೈಟ್ ಸಿಗುತ್ತೆ. ಎಲೆಕೋಸನ್ನು ನಡುವೆ ಕೊಯ್ದರೆ ಕಾಣುತ್ತಲ್ಲ, ಹಾಗೆ ಒಂದರೊಳಗೊಂದು ಬಾಗಿದ ಪದರ. ಸೂಕ್ಷ್ಮಜೀವಿಗಳ ಅಂಟಂಟು ಚಾಪೆ, ಅದರ ಮೇಲೆ ಕೆಸರು, ಕೆಸರು ಸೀಳಿ ಮತ್ತೆ ಮೇಲೆ ಬಂದ ಚಾಪೆ. ಆ ಚಾಪೆಯ ಜೀವಿಗಳಿಗೆ ಬೆಳಕು ಬೇಕು, ಅಂದರೆ ನೀರು ಆಳ ಇರಬಾರದು. ಇಂಥ ಕಲ್ಲಿನ ಜೊತೆ ಕೆರೆಯಂಗಳ ಒಣಗಿದಂಥ ಬಿರುಕು ಕಂಡರೆ ಮುಗೀತು, ಆ ಜಾಗ ಆಗಾಗ ನೀರಿಂದ ಹೊರಗೂ ಬರುತ್ತಿತ್ತು.

ಸುಮ್ನೆ_ಓದೋನು
ಬಾದಾಮಿ ಗುಹೆಗಳ ಕೆಂಪು ಕಲ್ಲಿಗಿಂತ ಹಳೇದಾ ಇದು?

ಕಲ್ಲು_ಸುತ್ತಿಗೆ
ಹಳೇದು. ಲೋಕಾಪುರದ ಪದರಗಳು ಮಡಚಿ, ವಾಲಿ, ಸವೆದು ಹೋದ ಮೇಲೆ ಅವುಗಳ ತಲೆ ಮೇಲೆ ಬಾದಾಮಿಯ ಮರಳುಗಲ್ಲು ಅಡ್ಡಡ್ಡ ಹಾಸಿಕೊಂಡಿತು.

ಕೆಮಿಸ್ಟ್ರಿ_ಮೇಡಂ
ಸರ್, "ಒಂದಷ್ಟು ಡೋಲೊಮೈಟ್ ಆಯಿತು" ಅಂತ ಒಂದೇ ಸಾಲಲ್ಲಿ ದಾಟಿಸಿಬಿಟ್ಟಿರಿ. ಕಷ್ಟ ಇರೋದೇ ಅಲ್ಲಿ. ಬಿಡೋದಿಲ್ಲ ನಾನು.

ಈಗಿನ ಕಡಲ ನೀರನ್ನೇ ತಗೊಳ್ಳಿ. ಅಣುಗಳ ಲೆಕ್ಕದಲ್ಲಿ ಕ್ಯಾಲ್ಸಿಯಂಗಿಂತ ಮೆಗ್ನೀಷಿಯಂ ಐದು ಪಟ್ಟು ಜಾಸ್ತಿ. ಪುಸ್ತಕದ ಲೆಕ್ಕದ ಪ್ರಕಾರ ಡೋಲೊಮೈಟ್ ತಾನಾಗೇ ತಳಕ್ಕೆ ಬೀಳಬೇಕು. ಬೀಳಲ್ಲ. ಅರಬ್ಬೀ ಕಡಲಲ್ಲಿ ಚಿಪ್ಪು, ಹವಳ ಎಲ್ಲ ಆಗುತ್ತೆ, ಡೋಲೊಮೈಟ್ ಆಗಲ್ಲ. ಲಿಂಟನ್ ಲ್ಯಾಂಡ್ ಅನ್ನೋ ಅಮೆರಿಕದ ಭೂವಿಜ್ಞಾನಿ 25 ಡಿಗ್ರಿ ಶಾಖದಲ್ಲಿ, ಸಾವಿರ ಪಟ್ಟು ಅತಿಸಂತೃಪ್ತ ದ್ರಾವಣ (ಅಂದರೆ ನೀರು ಹಿಡಿದಿಡಬಹುದಾದದ್ದಕ್ಕಿಂತ ಜಾಸ್ತಿ ಕರಗಿರುವಂಥದ್ದು) ಇಟ್ಟುಕೊಂಡು 32 ವರ್ಷ ಕಾದ. ಒಂದು ಹರಳೂ ಬರಲಿಲ್ಲ. 1998ರಲ್ಲಿ ಆ ಸೋಲನ್ನೇ ಪ್ರಬಂಧ ಮಾಡಿ ಪ್ರಕಟಿಸಿದ. (ನನ್ನ ಮಟ್ಟಿಗೆ ಅದು ವಿಜ್ಞಾನದ ದೊಡ್ಡತನ. ನಮ್ಮ ಹುಡುಗರು ಪ್ರಾಕ್ಟಿಕಲ್‌ನಲ್ಲಿ ಉತ್ತರ ಬರದಿದ್ದರೆ ಪಕ್ಕದವನ ರೀಡಿಂಗ್ ಬರೆದುಕೊಳ್ತಾರೆ.)

ಯಾಕೆ ಬರಲ್ಲ? ಮೆಗ್ನೀಷಿಯಂ ಅಯಾನು ನೀರಲ್ಲಿ ಒಂಟಿಯಾಗಿ ಇರಲ್ಲ. ಸುತ್ತ ಆರು ನೀರಿನ ಅಣುಗಳನ್ನು ಬಿಗಿಯಾಗಿ ಅಪ್ಪಿಕೊಂಡಿರುತ್ತೆ. ಹರಳಿಗೆ ಸೇರಬೇಕಾದರೆ ಅವನ್ನು ಬಿಡಬೇಕು, ಅದು ಸುಲಭಕ್ಕೆ ಬಿಡಲ್ಲ. ಬಿಟ್ಟು ಬಂದರೂ ಸರಿಯಾದ ಪದರದಲ್ಲೇ ಕೂರಬೇಕು. ನೂರು ಡಿಗ್ರಿಗಿಂತ ಮೇಲೆ ಕಾಯಿಸಿದರೆ ಲ್ಯಾಬ್‌ನಲ್ಲಿ ಡೋಲೊಮೈಟ್ ಮಾಡಬಹುದು. ಆದರೆ ಮೊಣಕಾಲು ನೀರಿನ ಕಡಲು ನೂರು ಡಿಗ್ರಿ ಕುದೀತಿತ್ತಾ?

ಇನ್ನೊಂದು ಲೆಕ್ಕ. ಒಂದು ಘನ ಮೀಟರ್ ಗಟ್ಟಿ ಕ್ಯಾಲ್ಸೈಟ್ ಅಂದರೆ 2,710 ಕೆಜಿ. ಅದರ ಅರ್ಧ ಕ್ಯಾಲ್ಸಿಯಂ ಎಬ್ಬಿಸಿ ಆ ಜಾಗದಲ್ಲಿ ಮೆಗ್ನೀಷಿಯಂ ಕೂರಿಸಲು ಸುಮಾರು 330 ಕೆಜಿ ಮೆಗ್ನೀಷಿಯಂ ಬೇಕು. ಕಡಲ ನೀರಲ್ಲಿ ಅದು ಲೀಟರಿಗೆ 1.3 ಗ್ರಾಂ ಮಾತ್ರ. ಒಂದು ಚೂರೂ ವ್ಯರ್ಥವಾಗದೆ ಎಲ್ಲವೂ ಕಲ್ಲಿಗೇ ಸೇರಿತು ಅಂದುಕೊಂಡರೂ ಎರಡೂವರೆ ಲಕ್ಷ ಲೀಟರ್ ನೀರು ಹಾದು ಹೋಗಬೇಕು. 12,000 ಲೀಟರಿನ ಟ್ಯಾಂಕರ್ 21. ಒಂದು ಘನ ಮೀಟರ್ ಕಲ್ಲಿಗೆ! ಲೋಕಾಪುರದ ಗುಡ್ಡಕ್ಕೆ ಎಷ್ಟು ಟ್ಯಾಂಕರ್ ಅಂತ ನೀವೇ ಹೇಳಿ. ಅಷ್ಟು ನೀರನ್ನು ಕೆಸರಿನ ಒಳಗೆ ತೂರಿಸಿದವರು ಯಾರು?

ಉಪ್ಪಿನಾಗರ_ಗೋಕರ್ಣ
ಮೇಡಂ, ನಾನು ಕಲ್ಲಿನ ವಿಷಯ ಓದಿದವನಲ್ಲ. ಆದರೆ ನೀರು ಒಣಗಿಸೋದು ಗೊತ್ತು. ನಮ್ಮ ಸಾಣಿಕಟ್ಟೆಯ ಆಗರದಲ್ಲಿ ಭರತದ (ಕಡಲ ಉಬ್ಬರದ) ನೀರನ್ನು ಒಳಗೆ ಬಿಟ್ಟು, ಒಂದು ಪಾತಿಯಿಂದ ಇನ್ನೊಂದಕ್ಕೆ ಹರಿಸುತ್ತ ಬಿಸಿಲಿಗೆ ಒಣಗಿಸ್ತಾರೆ. ಉಪ್ಪು ಕಟ್ಟಿದ ಮೇಲೆ ಉಳಿಯುವ ನೀರು ಬೇರೆಯೇ ಇರುತ್ತೆ. ಎಣ್ಣೆಯಂತೆ ಮಂದ, ನಾಲಿಗೆಗೆ ಕಹಿ. ಅದನ್ನು ಹೊರಗೆ ಬಿಡದಿದ್ದರೆ ಉಪ್ಪೂ ಕಹಿಯಾಗುತ್ತೆ. ಆ ಕಹಿ ಮೆಗ್ನೀಷಿಯಂದೇ ಅಂತ ಕೇಳಿದ್ದೇನೆ. ಇದಕ್ಕೂ ನಿಮ್ಮ ಪ್ರಶ್ನೆಗೂ ಏನಾದರೂ ನಂಟು ಇದೆಯಾ?

ಕಲ್ಲು_ಸುತ್ತಿಗೆ
ನಂಟು ಏನು ಬಂತು, ಅರ್ಧ ಉತ್ತರ ನೀವೇ ಕೊಟ್ಟಿರಿ.

ಕಡಲ ನೀರು ಆರುತ್ತಾ ಹೋದಾಗ ಮೊದಲು ಸುಣ್ಣ ಬೀಳುತ್ತೆ. ನೀರು ನಾಲ್ಕನೇ ಒಂದು ಪಾಲಿನ ಆಸುಪಾಸಿಗೆ ಬಂದಾಗ ಜಿಪ್ಸಂ, ಹತ್ತನೇ ಒಂದು ಪಾಲಿಗೆ ಇಳಿದಾಗ ಅಡುಗೆ ಉಪ್ಪು. ಸುಣ್ಣವೂ ಜಿಪ್ಸಮ್ಮೂ ಎಳೆದುಕೊಂಡು ಹೋಗೋದು ಕ್ಯಾಲ್ಸಿಯಂ ಅನ್ನು. ಮೆಗ್ನೀಷಿಯಂ ಹಾಗೇ ನೀರಲ್ಲಿ ಉಳಿಯುತ್ತೆ. ಐದು ಪಟ್ಟು ಇದ್ದದ್ದು ಹತ್ತಾಗುತ್ತೆ, ಇನ್ನೂ ಮೇಲೆ ಹೋಗುತ್ತೆ. ಮೇಡಂ ಹೇಳಿದ ಟ್ಯಾಂಕರ್ ಲೆಕ್ಕವೂ ಇಲ್ಲಿ ಇಳಿಯುತ್ತೆ, ಯಾಕಂದರೆ ಪ್ರತಿ ಲೀಟರಿನಲ್ಲಿ ಮೆಗ್ನೀಷಿಯಂ ಜಾಸ್ತಿ.

ಇನ್ನು ಆ ಮಂದ ನೀರಿಗೆ ಭಾರ. ಅದು ಮೇಲೆ ನಿಲ್ಲಲ್ಲ. ಕೆಳಗಿನ ಸಡಿಲ ಸುಣ್ಣದ ಕೆಸರಿನ ಒಳಗೆ ಇಳಿಯುತ್ತೆ, ಅಲ್ಲಿರುವ ಹಗುರ ನೀರನ್ನು ತಳ್ಳಿಕೊಂಡು ಕಡಲಿನ ಕಡೆಗೆ ಸರಿಯುತ್ತೆ. ಸೂರ್ಯ ಇರುವ ತನಕ, ಭರತ ಬರುವ ತನಕ ಈ ಪಂಪು ನಿಲ್ಲಲ್ಲ. ಟ್ಯಾಂಕರ್ ಓಡಿಸಿದವರು ಯಾರು ಅಂದರೆ ಇದೇ. ಟೆಕ್ಸಸ್‌ನ ಪರ್ಮಿಯನ್ ಕಾಲದ ಕಲ್ಲುಗಳನ್ನು ನೋಡಿ ಆಡಮ್ಸ್ ಮತ್ತು ರೋಡ್ಸ್ ಅನ್ನೋ ಇಬ್ಬರು 1960ರಲ್ಲಿ ಈ ವಿವರಣೆ ಕೊಟ್ಟರು. ಅಲ್ಲಿ ಕಡಲ ಅಂಚಿಗೆ ದಿಬ್ಬ, ಅದರ ಹಿಂದೆ ಹಿನ್ನೀರು, ಹಿನ್ನೀರಲ್ಲಿ ಜಿಪ್ಸಂ, ಅದರ ಕೆಳಗೆ ಡೋಲೊಮೈಟ್. ಅವರ ವಾದ ಅಲ್ಲಿಗೆ ಚೆನ್ನಾಗಿ ಹೊಂದುತ್ತೆ. ಎಲ್ಲ ಕಡೆಗೂ ಹೊಂದುತ್ತೆ ಅಂತ ನಾನು ಹೇಳಲ್ಲ.

ಮುಸಫಾ_ಕನ್ನಡಿಗ
ಅಬುಧಾಬಿಯಿಂದ ನಮಸ್ಕಾರ. ಮೂಲ ಕುಂದಾಪುರ, ಇಲ್ಲಿ ಸೈಟ್ ಸೂಪರ್‌ವೈಸರ್. ನೀವು ಮಾತಾಡ್ತಿರೋ ಜಾಗ ನನ್ನ ಬೂಟಿನ ಕೆಳಗಿದೆ ಅನಿಸ್ತಿದೆ.

ಇಲ್ಲಿ ಕಡಲಂಚಿಗೆ ಸಬ್ಖಾ ಅಂತಾರೆ. ನಮ್ಮೂರಿನ ಹಾಗೆ ಮರಳ ದಂಡೆ, ತೆಂಗಿನ ಮರ ಏನಿಲ್ಲ. ಕಣ್ಣು ಹಾಯುವಷ್ಟು ದೂರ ಚಪ್ಪಟೆ ಬೂದಿ ಬಣ್ಣದ ನೆಲ, ಮೇಲೆ ಉಪ್ಪಿನ ಹಕ್ಕಳೆ. ಕೇಬಲ್‌ಗೆ ಗುಂಡಿ ತೋಡಿದರೆ ಒಂದು ಮೀಟರ್ ಆಸುಪಾಸಲ್ಲೇ ನೀರು. ನಡುವೆ ಜಿಪ್ಸಂ ಹರಳು, ಕೈಲಿ ಹಿಡಿದರೆ ಒದ್ದೆ ಸಕ್ಕರೆ ತರ. ಕಡಲ ಕಡೆ ಹೋದರೆ ಇಳಿತದಲ್ಲಿ ಕರಿ ಚರ್ಮದಂಥ ಚಾಪೆ ಹಾಸಿರುತ್ತೆ, ಬಿಸಿಲಿಗೆ ಅಂಚು ಎದ್ದು ಹಪ್ಪಳದ ಹಾಗೆ ಸುರುಳಿ ಸುತ್ತಿಕೊಂಡಿರುತ್ತೆ. ಕೆರೆದರೆ ಕೆಳಗೆ ಕೊಳೆತ ಮೊಟ್ಟೆ ವಾಸನೆ. ಒಮ್ಮೆ ಫಾರಿನ್ ಪ್ರೊಫೆಸರ್‌ಗಳು ವಿದ್ಯಾರ್ಥಿಗಳನ್ನು ಕರ್ಕೊಂಡು ಬಂದು ಮುಸಫಾ ಕಾಲುವೆಯ ಅಂಚಿನ ಕೆಸರನ್ನು ಚಿನ್ನ ಸಿಕ್ಕಿದ ಹಾಗೆ ನೋಡ್ತಿದ್ದರು. ಯಾಕೆ ಅಂತ ಇವತ್ತು ಗೊತ್ತಾಯ್ತು.

ಕಲ್ಲು_ಸುತ್ತಿಗೆ
ಹೊಟ್ಟೆಕಿಚ್ಚಾಗ್ತಿದೆ ನಿಮ್ಮ ಮೇಲೆ. ಆ ಕೆಸರಲ್ಲಿ ಇವತ್ತಿಗೂ ಡೋಲೊಮೈಟ್ ಹರಳು ಆಗ್ತಿದೆ, ಸೂಕ್ಷ್ಮದರ್ಶಕದಲ್ಲಿ ಕಾಣುವಷ್ಟು ಸಣ್ಣವು. 1960ರ ದಶಕದಲ್ಲಿ ಅದು ಗೊತ್ತಾದಾಗ ದೊಡ್ಡ ಸುದ್ದಿ. ಬಹಾಮಾಸ್‌ನ ಆಂಡ್ರೋಸ್ ದ್ವೀಪದ ಉಬ್ಬರವಿಳಿತದ ಪಟ್ಟಿಯಲ್ಲೂ ಅದೇ ದಶಕದಲ್ಲಿ ಸಿಕ್ಕಿತು. ನಿಮ್ಮ ಸಬ್ಖಾದಲ್ಲಿ ನೀರು ಕೆಳಗೆ ಇಳಿಯೋದಷ್ಟೇ ಅಲ್ಲ, ಮೇಲಿನ ನೆಲ ಒಣಗಿದಂತೆ ಕೆಳಗಿನ ನೀರು ದೀಪದ ಬತ್ತಿಯ ಹಾಗೆ ಮೇಲಕ್ಕೂ ಏರುತ್ತೆ.

ಕೆಮಿಸ್ಟ್ರಿ_ಮೇಡಂ
ಆ ಕೊಳೆತ ಮೊಟ್ಟೆ ವಾಸನೆ ಬಿಟ್ಟುಬಿಡಬೇಡಿ. ಅದು ಹೈಡ್ರೋಜನ್ ಸಲ್ಫೈಡ್. ಸಲ್ಫೇಟ್ ತಿಂದು ಬದುಕುವ ಬ್ಯಾಕ್ಟೀರಿಯಾಗಳು ಅದನ್ನು ಬಿಡುತ್ತವೆ, ಹಾಗೇ ಸುತ್ತಲ ನೀರಿನಲ್ಲಿ ಕಾರ್ಬೊನೇಟ್ ಹೆಚ್ಚಿಸುತ್ತವೆ. ಬ್ರೆಜಿಲ್‌ನ ಲಗೋವಾ ವೆರ್ಮೆಲ್ಯಾ ಅನ್ನೋ ಉಪ್ಪು ಹಿನ್ನೀರಿನ ಕೆಸರು ತಂದು ವಾಸ್ಕೊನ್ಸೆಲೊಸ್, ಮೆಕೆಂಜಿ ಮತ್ತು ಸಂಗಡಿಗರು 1995ರಲ್ಲಿ ಇಂಥ ಬ್ಯಾಕ್ಟೀರಿಯಾ ಇದ್ದರೆ ಕಡಿಮೆ ಶಾಖದಲ್ಲೂ ಡೋಲೊಮೈಟ್ ಹುಟ್ಟುತ್ತೆ ಅಂತ ತೋರಿಸಿದರು. ಜೀವಿಗಳ ಲೋಳೆಯಲ್ಲಿ ಮೆಗ್ನೀಷಿಯಂ ತನ್ನ ನೀರಿನ ಅಪ್ಪುಗೆ ಸಡಿಲಿಸುತ್ತೆ ಅನ್ನೋ ವಾದವೂ ಇದೆ. ಹಾಗಾದರೆ ಲೋಕಾಪುರದ ಎಲೆಕೋಸು ಚಾಪೆಗಳು ಬರೀ ಸಾಕ್ಷಿಯಲ್ಲ, ಅಡುಗೆಯವರೇ ಆಗಿದ್ದಿರಬಹುದು.

ಸುಮ್ನೆ_ಓದೋನು
ಇಟಲಿ ಟೂರ್ ಪ್ಯಾಕೇಜ್‌ನಲ್ಲಿ ಡೋಲೊಮೈಟ್ಸ್ ಬೆಟ್ಟ ಅಂತ ಬರುತ್ತಲ್ಲ, ಅದಕ್ಕೂ ಇದಕ್ಕೂ ಸಂಬಂಧ?

ಕಲ್ಲು_ಸುತ್ತಿಗೆ
ಬೆಟ್ಟದಿಂದ ಕಲ್ಲಿಗೆ ಹೆಸರು ಬಂದಿದ್ದಲ್ಲ, ಉಲ್ಟಾ. ದೊಲೊಮ್ಯು ಅನ್ನೋ ಫ್ರೆಂಚ್ ಭೂವಿಜ್ಞಾನಿ 1791ರಲ್ಲಿ "ಈ ಸುಣ್ಣದ ಕಲ್ಲು ಆಸಿಡ್‌ಗೆ ಉಕ್ಕುತ್ತಿಲ್ಲವಲ್ಲ" ಅಂತ ಬರೆದ. ನಮ್ಮ ಮೂಡಿಗೆರೆಯವರಿಗೆ ಬಂದ ಅನುಮಾನವೇ! ಮರುವರ್ಷ ಸೊಸ್ಯೂರ್ ಅನ್ನೋ ಸ್ವಿಸ್ ವಿಜ್ಞಾನಿ ಆ ಕಲ್ಲಿಗೆ ಅವನ ಹೆಸರಿಟ್ಟ, ಆಮೇಲೆ ಬೆಟ್ಟಕ್ಕೂ ಅದೇ ಹೆಸರು ಬಂತು. ಅಲ್ಲಿನ ಕಲ್ಲೂ ಕಡಿಮೆ ಆಳದ ಕಡಲ ದಿಬ್ಬಗಳದ್ದೇ, ಆದರೆ ಟ್ರಯಾಸಿಕ್ ಕಾಲದ್ದು, ಅಂದರೆ ಇಪ್ಪತ್ತು ಚಿಲ್ಲರೆ ಕೋಟಿ ವರ್ಷ ಹಿಂದಿನದು. ನಮ್ಮ ಕಲ್ಲಿನ ಮುಂದೆ ಎಳೇ ಮಗು.

ಹಿಂದಕ್ಕೆ ಹೋದಷ್ಟೂ ಜಗತ್ತಿನಲ್ಲಿ ಡೋಲೊಮೈಟ್ ಪಾಲು ಹೆಚ್ಚು, ಈಚೆಗೆ ಬಂದಷ್ಟೂ ಕಡಿಮೆ. ಸಬ್ಖಾದಂಥ ಒಂದೆರಡು ಮೂಲೆ ಬಿಟ್ಟರೆ ಈಗ ಇಲ್ಲವೇ ಇಲ್ಲ ಅನ್ನಬೇಕು. ಹಳೇ ಕಲ್ಲು ನೆಲದೊಳಗೆ ಹೂತು, ಬಿಸಿಯಾಗಿ, ಆಮೇಲೆ ಬದಲಾಗಲು ಹೆಚ್ಚು ಸಮಯ ಸಿಕ್ಕಿತು ಅನ್ನೋದು ಒಂದು ಕಾರಣ. ಹಳೇ ಕಡಲ ನೀರೇ ಬೇರೆ ತರ ಇತ್ತು, ಸಲ್ಫೇಟ್ ಕಮ್ಮಿ, ತಳದಲ್ಲಿ ಆಮ್ಲಜನಕ ಕಮ್ಮಿ ಅನ್ನೋದು ಇನ್ನೊಂದು. ಸಿಹಿನೀರು ಉಪ್ಪುನೀರು ಬೆರೆಯುವ ಜಾಗದಲ್ಲಿ ಆಗುತ್ತೆ ಅಂತ 1970ರ ದಶಕದಲ್ಲಿ ಭಾರೀ ಹವಾ ಇತ್ತು. ನಾನೂ ಪರೀಕ್ಷೆಗೆ ಅದನ್ನೇ ಬಾಯಿಪಾಠ ಮಾಡಿದ್ದೆ. ಈಗ ಅದನ್ನು ಹೆಚ್ಚಿನವರು ನಂಬಲ್ಲ.

ಕೆಮಿಸ್ಟ್ರಿ_ಮೇಡಂ
2023ರ ಸುದ್ದಿ ಯಾರೂ ತೆಗೆಯಲಿಲ್ಲವಲ್ಲ! ಮಿಶಿಗನ್ ಮತ್ತು ಹೊಕ್ಕೈಡೊ ವಿಶ್ವವಿದ್ಯಾಲಯದವರು ಸೈನ್ಸ್ ಪತ್ರಿಕೆಯಲ್ಲಿ ಹಾಕಿದ್ದು. ಅವರ ಮಾತು ಇಷ್ಟು: ಡೋಲೊಮೈಟ್ ಹರಳಿನ ಮೈಮೇಲೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಸಿಕ್ಕಸಿಕ್ಕಲ್ಲಿ ಬಂದು ಕೂರುತ್ತವೆ. ಆ ತಪ್ಪು ಪದರದ ಮೇಲೆ ಮುಂದಿನ ಪದರ ಕಟ್ಟೋಕೆ ಆಗಲ್ಲ, ಬೆಳವಣಿಗೆ ನಿಂತೇ ಹೋಗುತ್ತೆ. ಆದರೆ ದ್ರಾವಣವನ್ನು ಸ್ವಲ್ಪ ತೆಳು ಮಾಡಿದರೆ ತಪ್ಪಾಗಿ ಕೂತವು ಮೊದಲು ಕರಗುತ್ತವೆ, ಸರಿಯಾಗಿ ಕೂತವು ಉಳಿಯುತ್ತವೆ. ಮತ್ತೆ ಮಂದ ಮಾಡಿ, ಮತ್ತೆ ತೆಳು ಮಾಡಿ. ಹೀಗೆ ಮಾಡ್ತಾ ಹೋದರೆ ಬೆಳವಣಿಗೆ ಒಂದು ಕೋಟಿ ಪಟ್ಟಿನವರೆಗೂ ವೇಗ ಆಗಬಹುದು ಅಂತ ಕಂಪ್ಯೂಟರ್ ಲೆಕ್ಕ. ಪ್ರಯೋಗದಲ್ಲಿ ಎಲೆಕ್ಟ್ರಾನ್ ಕಿರಣವನ್ನು ಎರಡು ಗಂಟೆಯಲ್ಲಿ 4,000 ಸಲ ಮಿಡಿಸಿ, ಪ್ರತಿ ಸಲ ಒಂಚೂರು ಕರಗಿಸಿ ನೋಡಿದರು. ಸುಮಾರು 300 ಪದರ ಬೆಳೆಯಿತು. ಅದಕ್ಕೆ ಮುಂಚೆ ಲ್ಯಾಬ್‌ನಲ್ಲಿ ಕಡಿಮೆ ಶಾಖದಲ್ಲಿ, ಬರೀ ದ್ರಾವಣದಿಂದ ಐದು ಪದರ ದಾಟಿರಲಿಲ್ಲ.

ಲ್ಯಾಂಡ್ 32 ವರ್ಷ ದ್ರಾವಣವನ್ನು ಸದಾ ಅತಿಸಂತೃಪ್ತವಾಗೇ ಇಟ್ಟಿದ್ದ. ಸೋತಿದ್ದು ಅದಕ್ಕೇ ಅನಿಸುತ್ತೆ.

ಲೋಕಾಪುರದಾಂವ
ಮೇಡಮ್ಮಾರ, ಇದು ಮಗ್ಗದ ಲೆಕ್ಕ ಆತಲ್ರಿ! ನಮ್ಮ ಅತ್ತಿ ಇಳಕಲ್ ಸೀರಿ ನೇಯತಾಳ. ಒಂದು ಎಳಿ ತಪ್ಪಿ ಬಿತ್ತಂದ್ರ ಮುಂದ ನೇಯಾಕ ಬರಂಗಿಲ್ಲ, ಅಂಚು ಸೊಟ್ಟ ಆಗತೈತಿ. ಬಿಚ್ಚಬೇಕು, ಸರಿ ಮಾಡಬೇಕು, ಮತ್ತ ಮುಂದ ಹೋಗಬೇಕು. ಅವಸರ ಮಾಡಿ ಬಿಚ್ಚದ ಬಿಟ್ಟಾಂವನ ಸೀರಿ ಮುಗಿಯಂಗಿಲ್ಲ.

ಕೆಮಿಸ್ಟ್ರಿ_ಮೇಡಂ
ನಾಳೆ ಕ್ಲಾಸಲ್ಲಿ ಇದನ್ನೇ ಹೇಳ್ತೀನಿ. ನಿಮ್ಮ ಅತ್ತೆಯವರಿಗೆ ಥ್ಯಾಂಕ್ಸ್.

ಕಲ್ಲು_ಸುತ್ತಿಗೆ
ಉಪಮೆಗೆ ನೂರು ಅಂಕ. ಆದರೂ ನಾನೊಂದು ತಕರಾರು ಎತ್ತಬೇಕು. ಆ ಪ್ರಯೋಗದಲ್ಲಿ ಮೊದಲೇ ಒಂದು ಪುಟ್ಟ ಡೋಲೊಮೈಟ್ ಹರಳು ಇಟ್ಟಿದ್ದರು. ಬೆಳೆದದ್ದು ಅದರ ಮೇಲೆ. ಮೊದಲ ಹರಳು ಹುಟ್ಟಿದ್ದು ಹೇಗೆ ಅನ್ನೋದು ಅಲ್ಲಿ ಬರಲ್ಲ. ಮೇಡಂ ಹೇಳಿದ ಬ್ಯಾಕ್ಟೀರಿಯಾ ಬೇಕಾಗೋದು ಅಲ್ಲೇ ಇರಬಹುದು.

ಆದರೆ ಒಂದು ಮಾತು ಒಪ್ತೀನಿ. ಇಷ್ಟು ದಿನ ನಾವು ಒಣಗೋದನ್ನೇ ನೋಡ್ತಿದ್ವಿ. ಉಪ್ಪು ಎಷ್ಟು ಮಂದವಾಯಿತು, ಮೆಗ್ನೀಷಿಯಂ ಎಷ್ಟು ಪಟ್ಟಾಯಿತು ಅಂತ. ಉಬ್ಬರವಿಳಿತದ ಪಟ್ಟಿಯಲ್ಲಿ ಒಣಗೋದರ ಜೊತೆಗೆ ನೆನೆಯೋದೂ ಇದೆ. ದಿನಕ್ಕೆರಡು ಸಲ ಭರತ, ಹದಿನೈದು ದಿನಕ್ಕೊಮ್ಮೆ ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಭರತ, ಯಾವಾಗಲೋ ಒಂದು ಜೋರು ಮಳೆ. ಮಂದ, ತೆಳು, ಮಂದ, ತೆಳು. ಆಳದ ಕಡಲಲ್ಲಿ ಈ ಏರಿಳಿತ ಇಲ್ಲ, ಅಲ್ಲಿ ಡೋಲೊಮೈಟೂ ಅಪರೂಪ. ಲೋಕಾಪುರದ ಕೆಸರಿನ ಮೇಲೆ ಆ ಮಗ್ಗ ಎಷ್ಟು ಲಕ್ಷ ವರ್ಷ ಆಡಿತೋ.

ಮೂಡಿಗೆರೆ_ತೋಟ
ನಾನು ಕೇಳಿದ್ದು ಒಂದು ಚೀಲದ ಮಾತು, ನೀವು ನೂರು ಕೋಟಿ ವರ್ಷಕ್ಕೆ ಕರ್ಕೊಂಡು ಹೋದ್ರಿ 🙏 ಹಾಗಾದರೆ ತೋಟಕ್ಕೆ ಹಾಕಬಹುದು ತಾನೇ?

ಕಲ್ಲು_ಸುತ್ತಿಗೆ
ಮಣ್ಣು ಪರೀಕ್ಷೆ ಮಾಡಿಸಿ, ಹುಳಿ ಇದ್ದರೆ ಹಾಕಿ. ಸುಣ್ಣದಷ್ಟು ಬೇಗ ಕೆಲಸ ಮಾಡಲ್ಲ, ನಿಮ್ಮ ನಿಂಬೆಹುಳಿ ತಟ್ಟೆಯಲ್ಲಿ ಕಂಡ ಹಾಗೆ ನಿಧಾನ. ಮೆಗ್ನೀಷಿಯಂ ಕೂಡ ಸಿಗುತ್ತೆ ಅನ್ನೋದು ಲಾಭ.

ಲೋಕಾಪುರದಾಂವ
ಸರ, ನಿಮ್ಮ ಮಾತು ಸುಳ್ಳ ಆತು ನೋಡ್ರಿ! ನಮ್ಮ ಮನಿ ಮುಂದ ಮೆಟ್ಟಲಾ ಮಾಡಿ ಹಾಕಿದ ಕಲ್ಲು ಐತಿ, ಖಣಿಯಿಂದ ಅಪ್ಪ ತಂದಿದ್ದು. ಅರ್ಧ ಕರಿ ಬೂದಿ ಬಣ್ಣ, ಅರ್ಧ ಕಂದು. ಸಂಡಾಸ ತೊಳಿಯೋ ಆಸಿಡ್ ಎರಡರ ಮ್ಯಾಲೂ ಹಾಕಿದೆ. ಎರಡೂ ಭುಸ್ ಅಂದುವು.

ಕಲ್ಲು_ಸುತ್ತಿಗೆ
ನೀರು ಬೆರೆಸದೆ ಹಾಗೇ ಸುರಿದಿರಾ ಮಾರಾಯ್ರೆ? ಗಡುಸು ಆಸಿಡ್‌ಗೆ ಡೋಲೊಮೈಟೂ ಉಕ್ಕುತ್ತೆ. ಮೊದಲು ಆ ಜಾಗಕ್ಕೆ ಸಾಕಷ್ಟು ನೀರು ಹೊಯ್ದು ತೊಳೀರಿ. ಆಮೇಲೆ ಕನ್ನಡಕ ಹಾಕ್ಕೊಂಡು, ಪ್ಲಾಸ್ಟಿಕ್ ಲೋಟದಲ್ಲಿ ನೀರು ತಗೊಂಡು, ನೀರಿಗೆ ಆಸಿಡ್ ಹಾಕಿ ತೆಳು ಮಾಡಿ. ಆಸಿಡ್‌ಗೆ ನೀರು ಹಾಕಬೇಡಿ. ಒಂದೊಂದೇ ಹನಿ ಬಿಟ್ಟು ನೋಡಿ.

ಇನ್ನೊಂದು ಮುಖ್ಯ. ಕರಿ ಭಾಗ ಮುಗಿದು ಕಂದು ಭಾಗ ಶುರುವಾಗುವ ಗೆರೆ ಇದೆಯಲ್ಲ, ಅದು ಕಲ್ಲಿನ ಪದರದ ಜೊತೆಗೇ ಹೋಗುತ್ತಾ, ಪದರವನ್ನು ಕತ್ತರಿಸಿಕೊಂಡು ಹೋಗುತ್ತಾ ನೋಡಿ ಹೇಳಿ. ಪದರದ ಜೊತೆಗೇ ಹೋದರೆ ಕೆಸರು ಇನ್ನೂ ಹಸಿ ಇದ್ದಾಗಲೇ, ಭರತದ ಅಂಚಲ್ಲೇ ಬದಲಾಗಿರಬೇಕು. ಕತ್ತರಿಸಿಕೊಂಡು ಹೋದರೆ ಕಲ್ಲಾಗಿ ಹೂತ ಮೇಲೆ ಯಾವುದೋ ಬಿಸಿ ನೀರು ಬಂದು ಮಾಡಿದ್ದು.

ಲೋಕಾಪುರದಾಂವ
ಮಾಡಿದೆ ಸರ. ಈಗ ಸರಿ ಬಂತು. ಕರಿ ಭಾಗ ಭುಸ್ ಅಂತೈತಿ, ಕಂದು ಭಾಗ ಸುಮ್ಮ ಕುಂತೈತಿ. ಮೊಳಿಲೆ ಕೆರದು ಪುಡಿ ಮ್ಯಾಲೆ ಹನಿ ಬಿಟ್ರ ಸಣ್ಣಂಗ ಗುಳ್ಳಿ ಬರತಾವ.

ಗೆರಿ ನೋಡಿದೆ. ಮೆಟ್ಟಲದ ಎಡಕ ಅದು ಎಲೆಕೋಸಿನ ಪದರ ಹಿಡ್ಕೊಂಡ ಬಾಗಿ ಬಾಗಿ ಹೋಗೈತಿ, ಎಲ್ಲೂ ತಪ್ಪಿಲ್ಲ. ಬಲಕ ಒಂದು ಕೂದಲ ಎಳಿಯಷ್ಟ ಸೀಳು ಐತಿ. ಆ ಸೀಳಿನ ಎರಡೂ ಕಡಿ ಎರಡು ಬೆರಳಷ್ಟು ಅಗಲ ಕಂದು ಬಣ್ಣ, ಪದರ ಗಿದರ ನೋಡದ ನೆಟ್ಟಗ ಮ್ಯಾಲೆ ಹತ್ತೈತಿ. ಎರಡೂ ಅದಾವಲ್ರಿ ಸರ ಒಂದ ಕಲ್ಲಿನಾಗ!

ಕಲ್ಲು_ಸುತ್ತಿಗೆ
ಆ ಮೆಟ್ಟಿಲ ಮೇಲೆ ಇನ್ನು ಆಸಿಡ್ ಹಾಕಬೇಡಿ. ನೀರು ಹಾಕಿ ಒದ್ದೆ ಮಾಡಿ, ಸಂಜೆ ಬಿಸಿಲಲ್ಲಿ ಒಂದು ಫೋಟೊ ತೆಗೆದು ಹಾಕಿ.